ವಾಟರ್ಲೂ ಗೆದ್ದ ಶೂರರಿಗೆ...

ಹೋದ ಭಾನುವಾರ ನಾನು ವಾಟರ್ಲೂ ಯುದ್ಧ ಗೆದ್ದೆ. ಅದೂ ನೆಪೋಲಿಯನ್ ಕಡೆಯಿಂದ! ಆ ಜೋಶಿನಲ್ಲಿ ರೂಮ್‌ಮೇಟ್‌ಗೆ, "ಈ ಗ್ರೂಶಿ ಅನ್ನೋ ಸೇನಾಪತಿ ಎಂಥ ದಡ್ಡ ನೋಡು, 33,000 ಜನ ಇಟ್ಕೊಂಡು ಸಮಯಕ್ಕೆ ಬರಲಿಲ್ಲ" ಅಂತ ಭಾಷಣ ಬೇರೆ ಬಿಗಿದೆ. ಆಮೇಲೆ ಯೋಚಿಸಿದರೆ ನಾಚಿಕೆಯಾಯ್ತು.

ನಾನು ಗೆದ್ದಿದ್ದು ಹೇಗೆ ಸ್ವಾಮಿ? ಗೇಮ್ ಪಾಸ್ ಮಾಡಿ, ಹದ್ದಿನ ಹಾಗೆ ಮೇಲಿಂದ ಇಡೀ ಬಯಲು ನೋಡಿ, ಮೌಸ್ ಕ್ಲಿಕ್ಕಿಸಿ. ಕ್ಲಿಕ್ಕಿಸಿದ ಕೂಡಲೇ ಸಾವಿರ ಜನ ಬಲಕ್ಕೆ ತಿರುಗಿದರು. 1815ರ ಜೂನ್ 18ರಂದು ನೆಪೋಲಿಯನ್ ಹತ್ತಿರ ಇದ್ದದ್ದು ದುರ್ಬೀನು, ಕಾಗದ, ಕುದುರೆ ಸವಾರರು. ಮಧ್ಯಾಹ್ನ 1 ಗಂಟೆ ಹೊತ್ತಿಗೆ ಗ್ರೂಶಿಗೆ ಬರೆಸಿದ ಆದೇಶ ತಲುಪಿದ್ದು ಸಂಜೆ. ಅಷ್ಟರಲ್ಲಿ ಆತ ವಾವ್ರ್ ಊರಲ್ಲಿ ಪ್ರಷ್ಯನ್ನರ ಜೊತೆ ಕಾದಾಟಕ್ಕೆ ಇಳಿದಾಗಿತ್ತು. ಅದಕ್ಕೂ ಎರಡು ದಿನ ಮೊದಲು ದೆರ್ಲೋನ್‌ನ ಸುಮಾರು 20,000 ಫ್ರೆಂಚ್ ಸೈನಿಕರು ಒಬ್ಬರ ಆದೇಶಕ್ಕೆ ಅತ್ತ, ಇನ್ನೊಬ್ಬರ ಆದೇಶಕ್ಕೆ ಇತ್ತ ನಡೆದು, ಕಾತ್ರ್ ಬ್ರಾ, ಲಿನ್ಯಿ ಎರಡೂ ಕದನಗಳಿಗೆ ಒದಗದೇ ಹೋದರು. ನಾನಾಡಿದ ಗೇಮಿನಲ್ಲಿ ಇಂಥದ್ದಕ್ಕೆ ಜಾಗವೇ ಇಲ್ಲ.

"ಆಟ ಮಾರಾಯಾ, ಮಜಾ ಇದ್ರೆ ಸಾಕು" ಅಂತೀರಾ? ಒಪ್ಪಿದೆ. ಹಾಗಾದ್ರೆ ಜಾಹೀರಾತಲ್ಲಿ "ಥೇಟ್ ಇತಿಹಾಸ" ಅಂತ ಬಡಾಯಿ ಯಾಕೆ? 1824ರಲ್ಲೇ ಪ್ರಷ್ಯಾದ ರೈಸ್‌ವಿಟ್ಸ್ ಎಂಬ ಅಧಿಕಾರಿ ನಕ್ಷೆಯ ಮೇಲೆ ಆಡುವ ಯುದ್ಧದಾಟ ಪ್ರಕಟಿಸಿದ. ಅದರಲ್ಲಿ ಆಟಗಾರ ಆದೇಶ ಬರೆದು ಕೊಡಬೇಕು. ಅದು ಯಾವಾಗ ತಲುಪತ್ತೆ, ಯಾರಿಗೆ ಎಷ್ಟು ಕಾಣತ್ತೆ ಅನ್ನೋದು ಅಂಪೈರ್ ತೀರ್ಮಾನ. ಕಂಪ್ಯೂಟರಿಗಿಂತ ಒಳ್ಳೇ ಅಂಪೈರ್ ಬೇಕಾ? ಆದೇಶವನ್ನ ಕ್ಯೂನಲ್ಲಿ ಹಾಕಿ, ದೂರಕ್ಕೆ ತಕ್ಕ ಹಾಗೆ ತಡ ಮಾಡೋ ಕೋಡ್ ಏನು ಬ್ರಹ್ಮವಿದ್ಯೆಯಲ್ಲ. 2015ರಲ್ಲಿ ಬಂದ 'ಸ್ಕರ್ಜ್ ಆಫ್ ವಾರ್: ವಾಟರ್ಲೂ' ಮಾಡಿ ತೋರಿಸಿದೆ. ಬೇಕೆಂದರೆ ಅದರಲ್ಲಿ ಆದೇಶ ಸವಾರನ ಕೈಲೇ ಹೋಗತ್ತೆ, ನಮ್ಮ ನೋಟವೂ ಸೇನಾಪತಿ ನಿಂತ ಜಾಗಕ್ಕೇ ಕಟ್ಟಿಬಿದ್ದಿರತ್ತೆ. ಹೆಚ್ಚಿನವರು ಮಾತ್ರ ಕುದುರೆ ಬಾಲದ ಕೂದಲು ಎಣಿಸೋವಷ್ಟು ಗ್ರಾಫಿಕ್ಸಿಗೇ ದುಡ್ಡು ಸುರೀತಾರೆ.

ಎಲ್ಲ ಕಾಣುವವನಿಗೆ ಏನೂ ಕಾಣದವನು ದಡ್ಡನಾಗೇ ಕಾಣ್ತಾನೆ. ನನಗೆ ಸಿಟ್ಟು ಬರೋದು ಇದಕ್ಕೇ: ಇತಿಹಾಸ ಕಲಿಸ್ತೀವಿ ಅಂತ ಹೇಳಿ, ಸತ್ತವರನ್ನ ಹೀಯಾಳಿಸೋದನ್ನ ಕಲಿಸ್ತವೆ.

ನಿನ್ನೆ ರಾತ್ರಿ ಸವಾರರನ್ನ ನಂಬಿ ಆಡಿದೆ. ಹೀನಾಯವಾಗಿ ಸೋತೆ. ಗ್ರೂಶಿ ಬಗ್ಗೆ ತುಟಿ ಪಿಟಕ್ಕೆನ್ನಲಿಲ್ಲ.

ನೀವೇನಂತೀರಿ?