ಊರಿನಿಂದ ತಂದ ಡಿವಿಡಿ ಅಲ್ಲಿ ಏಕೆ ಓಡುವುದಿಲ್ಲ?

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರ ಅನೇಕ ಮನೆಗಳಲ್ಲಿ ಟಿವಿಯ ಕೆಳಗಿನ ಕಪಾಟಿನೊಳಗೆ ಇಂದಿಗೂ ಒಂದು ಸಾಲು ಡಿವಿಡಿಗಳಿವೆ. ರಜೆಗೆ ಊರಿಗೆ ಬಂದವರು ವಾಪಸು ಹೊರಡುವಾಗ ಚಟ್ನಿಪುಡಿ, ಹಪ್ಪಳ, ಸಾರಿನಪುಡಿಯ ಪೊಟ್ಟಣಗಳ ಜೊತೆಗೆ ಸೀರೆ ಪಂಚೆಗಳ ಮಡಿಕೆಯಲ್ಲಿಟ್ಟು ಒಯ್ದವು ಅವು. ‘ಕಸ್ತೂರಿ ನಿವಾಸ’, ‘ಬಂಗಾರದ ಮನುಷ್ಯ’, ‘ಮುಂಗಾರು ಮಳೆ’, ಶಂಕರ್‌ನಾಗ್ ಅವರ ‘ಮಾಲ್ಗುಡಿ ಡೇಸ್’. ಅವುಗಳಲ್ಲಿ ಕೆಲವು ಅಲ್ಲಿನ ಪ್ಲೇಯರ್‌ನಲ್ಲಿ ಸಲೀಸಾಗಿ ಓಡಿದವು. ಕೆಲವು ಕಪ್ಪುಬಿಳುಪಾಗಿ, ಮೇಲೆ ಕೆಳಗೆ ಉರುಳುತ್ತ ಕಾಣಿಸಿದವು. ಕೆಲವು ಒಂದು ಸಾಲಿನ ಎಚ್ಚರಿಕೆ ತೋರಿಸಿ ನಿಂತುಬಿಟ್ಟವು. ಅಂಗಡಿಯವನು ಕೆಟ್ಟ ಮಾಲು ಕೊಟ್ಟ ಎಂದುಕೊಂಡವರೇ ಹೆಚ್ಚು. ಆದರೆ ಎಷ್ಟೋ ಸಲ ಮಾಲು ಸರಿಯಾಗಿಯೇ ಇತ್ತು; ಎರಡು ದೇಶಗಳ ಯಂತ್ರಗಳ ಲೆಕ್ಕ ಬೇರೆಬೇರೆಯಾಗಿತ್ತು.

ಡಿವಿಡಿಯ ಕಾಲ ಮುಗಿಯುತ್ತಿದೆ, ಈಗೇಕೆ ಈ ಮಾತು ಎಂದು ಕೇಳಬಹುದು. ಮುಗಿಯುತ್ತಿದೆ ಎಂಬುದೇ ಕಾರಣ. ಅಂಚೆಯಲ್ಲಿ ಡಿವಿಡಿ ಬಾಡಿಗೆ ಕೊಡುತ್ತಲೇ ಬೆಳೆದ ನೆಟ್‌ಫ್ಲಿಕ್ಸ್ ತನ್ನ ಕೊನೆಯ ಡಿಸ್ಕನ್ನು 2023ರ ಸೆಪ್ಟೆಂಬರ್ 29ರಂದು ಕಳಿಸಿ ಆ ವ್ಯವಹಾರ ಮುಚ್ಚಿತು. ಅಮೆರಿಕದ ದೊಡ್ಡ ಮಳಿಗೆ ಬೆಸ್ಟ್ ಬೈ 2024ರಲ್ಲಿ ಸಿನಿಮಾ ಡಿಸ್ಕ್‌ಗಳ ಮಾರಾಟ ನಿಲ್ಲಿಸಿತು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಹಾಕುವ ಜಾಗವೇ ಇಲ್ಲ. ಯಂತ್ರಗಳು ಹೀಗೆ ಒಂದೊಂದಾಗಿ ಮರೆಯಾಗುತ್ತಿರುವಾಗ, ಆ ಕಪಾಟಿನಲ್ಲಿರುವ ಎಷ್ಟೋ ಕನ್ನಡ ಚಿತ್ರಗಳು ಒಳ್ಳೆಯ ಪ್ರತಿಯಾಗಿ ಬೇರೆಲ್ಲೂ ಸಿಗುತ್ತಿಲ್ಲ. ಅವನ್ನು ಕಸಕ್ಕೆ ಹಾಕುವ ಮೊದಲು ಅವು ಏನೆಂದು ತಿಳಿದುಕೊಳ್ಳುವುದು ಅಗತ್ಯ.

ಮೊದಲು, ಎಲ್ಲರೂ ದೂರುವ ರೀಜನ್ ಕೋಡ್ ನೋಡೋಣ. 1990ರ ದಶಕದ ಕೊನೆಗೆ ಡಿವಿಡಿ ಬಂದಾಗ ಹಾಲಿವುಡ್ ಕಂಪನಿಗಳಿಗೆ ಒಂದು ಚಿಂತೆಯಿತ್ತು. ಒಂದು ಚಿತ್ರ ಅಮೆರಿಕದಲ್ಲಿ ಡಿವಿಡಿಯಾಗಿ ಬರುವ ಹೊತ್ತಿಗೆ ಬೇರೆ ದೇಶಗಳಲ್ಲಿ ಅದಿನ್ನೂ ಥಿಯೇಟರ್‌ನಲ್ಲಿರುತ್ತಿತ್ತು. ಡಿಸ್ಕ್ ಮೊದಲೇ ಅಲ್ಲಿಗೆ ತಲುಪಿದರೆ ಟಿಕೆಟ್ ಮಾರಾಟಕ್ಕೆ ಪೆಟ್ಟು. ಅದಕ್ಕೆ ಭೂಮಿಯನ್ನು ವಲಯಗಳಾಗಿ ಹಂಚಿದರು. ಅಮೆರಿಕ, ಕೆನಡಾ 1. ಯೂರೋಪ್, ಜಪಾನ್, ಕೊಲ್ಲಿ ದೇಶಗಳು 2. ಆಗ್ನೇಯ ಏಷ್ಯಾ 3, ಆಸ್ಟ್ರೇಲಿಯಾ 4, ಚೀನಾ 6. ಭಾರತ ರಷ್ಯಾದೊಂದಿಗೆ, ಆಫ್ರಿಕಾದ ಬಹುಭಾಗದೊಂದಿಗೆ 5ರಲ್ಲಿ ಸೇರಿತು. ವಿಮಾನ ಮತ್ತು ಹಡಗುಗಳಿಗೆಂದು 8 ಎಂಬ ವಲಯವೂ ಇದೆ. ಡಿಸ್ಕ್‌ನ ಸಂಖ್ಯೆ, ಪ್ಲೇಯರ್‌ನ ಸಂಖ್ಯೆ ಹೊಂದದಿದ್ದರೆ ಪ್ಲೇಯರ್ ಅದನ್ನು ಓಡಿಸುವುದಿಲ್ಲ. ಡೆಟ್ರಾಯಿಟ್‌ನಲ್ಲಿರುವ ಮಗ ಅಲ್ಲಿ ಕೊಂಡು ಮೈಸೂರಿನ ತಂದೆಗೆ ಕಳಿಸಿದ ಇಂಗ್ಲಿಷ್ ಚಿತ್ರ ಇಲ್ಲಿನ ಪ್ಲೇಯರ್‌ನಲ್ಲಿ ಓಡದೆ ಹೋಗುವುದು ಇದೇ ಕಾರಣಕ್ಕೆ.

ಕನ್ನಡ ಚಿತ್ರಕ್ಕೆ ಈ ಚಿಂತೆ ಇರಲಿಲ್ಲ. ನಮ್ಮ ಡಿವಿಡಿ ಕಂಪನಿಗಳಿಗೆ ಹೊರದೇಶದ ಗಿರಾಕಿ ಬೇಕಿದ್ದ. ಹಾಗಾಗಿ ಭಾರತೀಯ ಭಾಷಾ ಚಿತ್ರಗಳ ಡಿವಿಡಿಗಳಲ್ಲಿ ಹೆಚ್ಚಿನವು ‘ಆಲ್ ರೀಜನ್’ ಎಂಬ ಗುರುತಿನೊಂದಿಗೇ ಬಂದವು. ಪೆಟ್ಟಿಗೆಯ ಹಿಂಬದಿಯಲ್ಲಿ ಭೂಗೋಳದ ಪುಟ್ಟ ಚಿತ್ರ, ಅದರ ಮೇಲೆ 0 ಅಥವಾ ‘ಆಲ್’ ಎಂದಿದ್ದರೆ ವಲಯದ ತೊಡಕಿಲ್ಲ. ದೊಡ್ಡ ಸ್ಟುಡಿಯೋಗಳು ಭಾರತದಲ್ಲಿ ಬಿಡುಗಡೆ ಮಾಡಿದ ಡಿಸ್ಕ್‌ಗಳಲ್ಲಿ ಮಾತ್ರ 5 ಇದ್ದೀತು.

ಹಾಗಾದರೆ ಅಮೆರಿಕದಲ್ಲಿ ಕನ್ನಡ ಡಿವಿಡಿ ಉರುಳಿದ್ದೇಕೆ? ಇದಕ್ಕೆ ಕಾರಣ ಟಿವಿಯ ಪದ್ಧತಿ, ಮತ್ತು ಈ ಭಾಗವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಭಾರತ, ಬ್ರಿಟನ್, ಕೊಲ್ಲಿ ರಾಷ್ಟ್ರಗಳಲ್ಲಿ ನಡೆದದ್ದು ಪಾಲ್ ಪದ್ಧತಿ: ಸೆಕೆಂಡಿಗೆ 25 ಚೌಕಟ್ಟು, ಡಿವಿಡಿಯಲ್ಲಿ 576 ಗೆರೆ. ಅಮೆರಿಕ, ಕೆನಡಾ, ಜಪಾನ್‌ನಲ್ಲಿ ಎನ್‌ಟಿಎಸ್‌ಸಿ: ಸೆಕೆಂಡಿಗೆ ಸುಮಾರು 30 ಚೌಕಟ್ಟು, 480 ಗೆರೆ. ಬ್ರಿಟನ್ನಿನ, ದುಬೈಯ ಟಿವಿಗಳು ಸಾಮಾನ್ಯವಾಗಿ ಎರಡನ್ನೂ ಓದುತ್ತಿದ್ದವು, ಆದ್ದರಿಂದ ಅಲ್ಲಿನ ಕನ್ನಡಿಗರಿಗೆ ಈ ತೊಂದರೆ ಅಷ್ಟಾಗಿ ಗೊತ್ತಾಗಲಿಲ್ಲ. ಅಮೆರಿಕದ ಹಳೆಯ ಟಿವಿಗಳಿಗೆ ತಮ್ಮ ಪದ್ಧತಿ ಬಿಟ್ಟರೆ ಬೇರೆ ತಿಳಿಯುತ್ತಿರಲಿಲ್ಲ. ವಲಯ ಹೊಂದಿದರೂ ಪದ್ಧತಿ ಹೊಂದದಿದ್ದರೆ ಚಿತ್ರ ಉರುಳುತ್ತದೆ, ಬಣ್ಣ ಹೋಗುತ್ತದೆ.

ಈ ಪದ್ಧತಿಗಳು ಚಿತ್ರದ ಒಳಗನ್ನೂ ಮುಟ್ಟುತ್ತವೆ. ಸಿನಿಮಾ ರೀಲು ಓಡುವುದು ಸೆಕೆಂಡಿಗೆ 24 ಚೌಕಟ್ಟಿನಂತೆ. ಅದನ್ನು ಪಾಲ್‌ಗೆ ಇಳಿಸುವ ಸುಲಭ ಹಾದಿ, 25ರ ವೇಗದಲ್ಲಿ ಓಡಿಸಿಬಿಡುವುದು. ಆಗ 150 ನಿಮಿಷದ ಚಿತ್ರ 144 ನಿಮಿಷಕ್ಕೇ ಮುಗಿಯುತ್ತದೆ. ಯಾವ ದೃಶ್ಯವನ್ನೂ ಕತ್ತರಿಸಿಲ್ಲ, ಎಲ್ಲರೂ ಶೇಕಡಾ 4ರಷ್ಟು ಬೇಗ ಬೇಗ ಮಾತಾಡಿ ನಡೆದಿದ್ದಾರೆ, ಅಷ್ಟೆ. ಧ್ವನಿಯನ್ನು ಪ್ರತ್ಯೇಕವಾಗಿ ತಿದ್ದದಿದ್ದರೆ ಶ್ರುತಿಯೂ ಏರುತ್ತದೆ. ಹಾರ್ಮೋನಿಯಂನಲ್ಲಿ ಒಂದು ಮನೆಯಿಂದ ಅದರ ಪಕ್ಕದ ಮನೆಗೆ ಎಷ್ಟು ಅಂತರವೋ ಅದರ ಮುಕ್ಕಾಲು ಪಾಲಿಗೆ ಹತ್ತಿರ. ಪಿ.ಬಿ. ಶ್ರೀನಿವಾಸ್ ಅವರ ಕಂಠವನ್ನು ರೇಡಿಯೋದಲ್ಲಿ, ಧ್ವನಿಮುದ್ರಿಕೆಯಲ್ಲಿ ಕೇಳಿ ಬೆಳೆದವರು ಇಂಥ ಡಿವಿಡಿ ಹಾಕಿದಾಗ ಎಲ್ಲೋ ಏನೋ ತುಸು ತೆಳುವಾಗಿದೆ ಎಂದರೆ, ಅವರ ಕಿವಿ ಸುಳ್ಳು ಹೇಳುತ್ತಿಲ್ಲ. ಎನ್‌ಟಿಎಸ್‌ಸಿಗೆ ಇಳಿಸುವಾಗ ಚೌಕಟ್ಟುಗಳನ್ನು ಒಮ್ಮೆ ಎರಡು, ಒಮ್ಮೆ ಮೂರು ಸಲದಂತೆ ಹಂಚಿ ತೋರಿಸುತ್ತಾರೆ. ಶ್ರುತಿ ಉಳಿಯುತ್ತದೆ, ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ತಿರುಗುವ ದೃಶ್ಯಗಳಲ್ಲಿ ಮಾತ್ರ ಸಣ್ಣ ಅದುರು ಕಾಣುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು, ಟಿವಿ ಪ್ರಸಾರಕ್ಕೆ ಮಾಡಿದ ಪಾಲ್ ಟೇಪನ್ನೇ ಎನ್‌ಟಿಎಸ್‌ಸಿಗೆ ತಿರುಗಿಸಿದ ಪ್ರತಿ. ಅದರಲ್ಲಿ ಓಡುವವನ ಹಿಂದೆ ಅವನದೇ ಮಸುಕು ನೆರಳೊಂದು ಓಡುತ್ತದೆ.

ವಿಸಿಡಿಗೆ, ಎಂದರೆ ವಿಡಿಯೊ ಸಿಡಿಗೆ, ವಲಯದ ಗೊಡವೆಯಿಲ್ಲ. ಆದರೆ ಒಂದು ಡಿಸ್ಕ್‌ನಲ್ಲಿ ಹಿಡಿಯುವುದೇ 74ರಿಂದ 80 ನಿಮಿಷ, ಅದಕ್ಕೇ ಒಂದು ಚಿತ್ರಕ್ಕೆ ಎರಡು ಮೂರು ಡಿಸ್ಕ್. ಗೆರೆಗಳೂ ಡಿವಿಡಿಯ ಅರ್ಧ.

ಗುಣಮಟ್ಟದ ವಿಚಾರದಲ್ಲಿ ನಮ್ಮವರು ಹೆಚ್ಚು ಕಳೆದುಕೊಂಡದ್ದು ‘ತ್ರೀ ಇನ್ ಒನ್’ ಡಿವಿಡಿಗಳಿಂದ. ಒಂದೇ ಪದರದ ಡಿವಿಡಿಗೆ 4.7 ಜಿಬಿ ಜಾಗ. ಎರಡೂವರೆ ಗಂಟೆಯ ಒಂದೇ ಚಿತ್ರ ಹಾಕಿದರೆ ಪ್ರತಿ ಸೆಕೆಂಡಿಗೆ 4 ಮೆಗಾಬಿಟ್‌ಗೂ ಮೇಲೆ ಸಿಗುತ್ತದೆ, ಚಿತ್ರ ಚೊಕ್ಕಟವಾಗಿರುತ್ತದೆ. ಅದೇ ಜಾಗದಲ್ಲಿ ಮೂರು ಚಿತ್ರ ತುರುಕಿದರೆ ಸೆಕೆಂಡಿಗೆ 1.4 ಮೆಗಾಬಿಟ್ ಮಾತ್ರ, ಹೆಚ್ಚುಕಡಿಮೆ ವಿಸಿಡಿಯ ಪ್ರಮಾಣ. ಮುಖಗಳು ಚೌಕ ಚೌಕವಾಗಿ ಒಡೆಯುವುದು, ಮಳೆಯ ದೃಶ್ಯ ಗಂಜಿಯಂತಾಗುವುದು ಇದರಿಂದ. ಒಂದು ದುಡ್ಡಿಗೆ ಮೂರು ಸಿಕ್ಕಿತೆಂದು ಖುಷಿಪಟ್ಟ ಗಿರಾಕಿಯನ್ನು ನಾನು ದೂರಲಾರೆ. ಹಾಗೆ ತಯಾರಿಸಿ ಮಾರಿದವರು ನಮ್ಮ ಚಿತ್ರಗಳಿಗೆ ನ್ಯಾಯ ಮಾಡಲಿಲ್ಲ.

ಬೆಲೆ ಇಳಿಸಿಯೂ ಸಾಚಾ ಡಿಸ್ಕ್ ಮಾರಬಹುದು ಎಂಬುದಕ್ಕೆ ಒಂದು ಒಳ್ಳೆಯ ಉದಾಹರಣೆಯಿದೆ. 2007ರ ಸುಮಾರಿಗೆ ಮೋಸರ್ ಬೇರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರುಕಟ್ಟೆಗೆ ಬಿಟ್ಟಿತು. ಕಳ್ಳ ಪ್ರತಿಯ ದರಕ್ಕೇ ಅಸಲಿ ಪ್ರತಿ. ಊರಿಗೆ ಬಂದವರು ಒಂದೇ ಸಲಕ್ಕೆ ಹತ್ತಿಪ್ಪತ್ತು ಚಿತ್ರ ಕೊಂಡು ಒಯ್ಯುವಂತಾದದ್ದು ಆಗ. 2018ರಲ್ಲಿ ಆ ಕಂಪನಿ ದಿವಾಳಿಯಾಗಿ ಅದನ್ನು ಮುಚ್ಚಲು ಆದೇಶವಾಯಿತು.

ಹೊರದೇಶದಿಂದ ಇಲ್ಲಿಗೆ ಡಿಸ್ಕ್ ತರುವುದು ಕಾನೂನಿಗೆ ಸರಿಯೇ ಎಂಬ ಅಳುಕು ಕೆಲವರಿಗಿದೆ. ಸ್ವಂತಕ್ಕೆ, ಮನೆಯಲ್ಲಿ ನೋಡಲು ಒಂದು ಪ್ರತಿ ಹೊರಗಿನಿಂದ ತರಿಸಿಕೊಳ್ಳಲು ಭಾರತದ 1957ರ ಕೃತಿಸ್ವಾಮ್ಯ ಕಾಯಿದೆ ಅವಕಾಶ ಕೊಡುತ್ತದೆ. ತೊಡಕಾಗುವುದು ವ್ಯಾಪಾರಕ್ಕೆ ಇಳಿದಾಗ. ಅಮೆರಿಕದಲ್ಲಿ ಕೊಂಡ ಅಸಲಿ ಡಿವಿಡಿಗಳನ್ನು ಇಲ್ಲಿ ಬಾಡಿಗೆಗೆ ಕೊಡುತ್ತಿದ್ದ ಅಂಗಡಿಯೊಂದರ ಪ್ರಕರಣದಲ್ಲಿ, ಹಕ್ಕುದಾರರ ಅನುಮತಿಯಿಲ್ಲದೆ ಹಾಗೆ ಮಾಡುವಂತಿಲ್ಲ ಎಂದು ದೆಹಲಿ ಹೈಕೋರ್ಟ್ 2009ರಲ್ಲಿ ಹೇಳಿತು.

ಇನ್ನು ಉಪಶೀರ್ಷಿಕೆ. ಒಂದು ಡಿವಿಡಿಯಲ್ಲಿ 32 ಭಾಷೆಗಳ ಉಪಶೀರ್ಷಿಕೆಗೆ, 8 ಧ್ವನಿಪಥಗಳಿಗೆ ಸ್ಥಳವಿದೆ. ನಮ್ಮ ಎಷ್ಟೋ ಡಿವಿಡಿಗಳಲ್ಲಿ ಒಂದು ಉಪಶೀರ್ಷಿಕೆಯೂ ಇರಲಿಲ್ಲ. ನ್ಯೂಜೆರ್ಸಿಯಲ್ಲಿ ಹುಟ್ಟಿದ ಮೊಮ್ಮಗಳು ಅಜ್ಜಿಯ ಪಕ್ಕ ಕೂತು ‘ಬಂಗಾರದ ಮನುಷ್ಯ’ ನೋಡಲು ಸಿದ್ಧಳಿದ್ದಳು. ಪರದೆಯ ಕೆಳಗೆ ಇಂಗ್ಲಿಷಿನಲ್ಲಿ ಎರಡು ಸಾಲು ಬಂದಿದ್ದರೆ ಕೊನೆಯವರೆಗೂ ಕೂರುತ್ತಿದ್ದಳು. ಹೆಚ್ಚಿನ ಖರ್ಚೂ ಬೇಡದ ಈ ಕೆಲಸವನ್ನು ಮಾಡದೆ ಬಿಟ್ಟದ್ದರಿಂದ ಒಂದು ತಲೆಮಾರಿನ ನೋಡುಗರನ್ನು ಕನ್ನಡ ಕಳೆದುಕೊಂಡಿದೆ ಎಂದೇ ನನ್ನ ನಂಬಿಕೆ.

ಈಗ ಎಲ್ಲವೂ ಓಟಿಟಿಯಲ್ಲಿದೆಯಲ್ಲ ಎನ್ನುವವರಿಗೆ ಎರಡು ಮಾತು. ಓಟಿಟಿಯ ಪರವಾನಗಿಗಳೂ ದೇಶದ ಗಡಿಗೆ ತಕ್ಕಂತೆ ಮಾರಾಟವಾಗುತ್ತವೆ. ಬೆಂಗಳೂರಿನಲ್ಲಿ ಕಾಣುವ ಚಿತ್ರ ಬೋಸ್ಟನ್‌ನಲ್ಲಿ ಅದೇ ಆ್ಯಪ್‌ನೊಳಗೆ ಕಾಣದಿರಬಹುದು. ರೀಜನ್ ಕೋಡ್ ಡಿಸ್ಕ್‌ನಿಂದ ಇಳಿದು ಸರ್ವರ್ ಸೇರಿದೆ, ಅದನ್ನು ದಾಟಲು ಪ್ಲೇಯರ್ ಬದಲಿಸುವ ಉಪಾಯವೂ ಇಲ್ಲ. ‘ಖರೀದಿಸಿ’ ಎಂಬ ಗುಂಡಿ ಒತ್ತಿ ಹಣ ಕೊಟ್ಟರೂ ಸಿಗುವುದು ಪರವಾನಗಿ ಮಾತ್ರ. ಇದನ್ನು ಗಿರಾಕಿಗೆ ಸ್ಪಷ್ಟವಾಗಿ ತಿಳಿಸಲೇಬೇಕೆಂದು ಕ್ಯಾಲಿಫೋರ್ನಿಯಾ ರಾಜ್ಯ 2025ರ ಜನವರಿಯಿಂದ ಕಾನೂನನ್ನೇ ಜಾರಿಗೆ ತಂದಿದೆ. ಎರಡನೆಯದು ನಮ್ಮದೇ ತೊಡಕು. ಹಳೆಯ ಚಿತ್ರಗಳ ನೆಗೆಟಿವ್ ಹಕ್ಕು ಒಬ್ಬರಿಗೆ, ಟಿವಿ ಹಕ್ಕು ಇನ್ನೊಬ್ಬರಿಗೆ, ವಿಡಿಯೊ ಹಕ್ಕು ಮತ್ತೊಬ್ಬರಿಗೆ ಹೀಗೆ ಬಿಡಿಬಿಡಿಯಾಗಿ ಕೈಬದಲಾಗಿವೆ. ಅಂತರ್ಜಾಲ ಎಂಬುದೇ ಇಲ್ಲದ ಕಾಲದ ಕರಾರಿನಲ್ಲಿ ಅಂತರ್ಜಾಲದ ಹಕ್ಕು ಯಾರದೆಂದು ಬರೆದಿರುವುದಿಲ್ಲ. ಕಾಗದ ಸರಿಯಿಲ್ಲದ ಚಿತ್ರವನ್ನು ದೊಡ್ಡ ಓಟಿಟಿಗಳು ತೆಗೆದುಕೊಳ್ಳುವುದಿಲ್ಲ.

ಯಾರೂ ಉಳಿಸದ ಚಿತ್ರ ಅಳಿದೇ ಹೋಗಬಹುದು. ಕನ್ನಡದ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನ’ದ ಪ್ರತಿ ಇಂದು ಉಳಿದಿಲ್ಲ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ಕ್ಕೆ ಬೇರೆಯೇ ಭಾಗ್ಯ. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಹಾಲಿವುಡ್ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸೆ ಕಟ್ಟಿದ ಫಿಲ್ಮ್ ಫೌಂಡೇಶನ್ ಸೇರಿ ಅದನ್ನು ಪುನಶ್ಚೇತನಗೊಳಿಸಿದವು, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಅದು ತೆರೆ ಕಂಡಿತು. ಇವೆರಡರ ನಡುವೆ ನೂರಾರು ಸಾಧಾರಣ, ಜನಪ್ರಿಯ, ಯಾವ ಪ್ರಶಸ್ತಿಯೂ ಬಾರದ ಚಿತ್ರಗಳಿವೆ. ಅಂಥವನ್ನು ಉಳಿಸಲು ಹೊರಗಿನಿಂದ ಯಾರೂ ಬರುವುದಿಲ್ಲ.

ಹಾಗಾಗಿ ಕಪಾಟಿನಲ್ಲಿ ಡಿಸ್ಕ್ ಇಟ್ಟುಕೊಂಡವರು ಮಾಡಬಹುದಾದ ಕೆಲಸಗಳನ್ನು ಹೇಳುತ್ತೇನೆ. ಊರಿಗೆ ಬಂದಾಗ ಎಲ್ಲ ವಲಯಗಳನ್ನು ಓದುವ, ಎಚ್‌ಡಿಎಂಐ ಇರುವ ಡಿವಿಡಿ ಪ್ಲೇಯರ್ ಸಿಕ್ಕರೆ ಕೊಂಡೊಯ್ಯಿರಿ. ಅದರ ಬೆನ್ನಿನ ಮೇಲೆ 100–240 ವೋಲ್ಟ್, 50/60 ಹರ್ಟ್ಸ್ ಎಂದಿರಲೇಬೇಕು, ಇಲ್ಲದಿದ್ದರೆ ಅಮೆರಿಕದ 120 ವೋಲ್ಟ್‌ಗೆ ಅದು ನಡೆಯುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಟಿವಿ ಪದ್ಧತಿಯನ್ನು ಎನ್‌ಟಿಎಸ್‌ಸಿಗೆ ಇಟ್ಟರೆ ಅದೇ ತಿರುಗಿಸಿ ಕೊಡುತ್ತದೆ. ಕಂಪ್ಯೂಟರ್‌ನಲ್ಲಿ ನೋಡುವುದಾದರೆ ಯುಎಸ್‌ಬಿಗೆ ಸಿಕ್ಕಿಸುವ ಹೊರಗಿನ ಡ್ರೈವ್, ಜೊತೆಗೆ ಉಚಿತವಾದ ವಿಎಲ್‌ಸಿ ಸಾಕು. ಪಾಲ್, ಎನ್‌ಟಿಎಸ್‌ಸಿ ಭೇದ ಅಲ್ಲಿ ತಾನಾಗಿ ಕಳೆಯುತ್ತದೆ. ಒಂದೇ ಎಚ್ಚರಿಕೆ: ಕಂಪ್ಯೂಟರ್ ಡ್ರೈವ್‌ನ ವಲಯವನ್ನು ಐದು ಸಲ ಮಾತ್ರ ಬದಲಿಸಬಹುದು. ಐದನೆಯ ಸಲ ಯಾವ ವಲಯಕ್ಕೆ ಇಟ್ಟಿರೋ ಅಲ್ಲೇ ಅದು ಬೀಗ ಹಾಕಿಕೊಳ್ಳುತ್ತದೆ. ಪರದೆಯ ಮೇಲೆ ಬದಲಿಸಲೇ ಎಂದು ಕೇಳಿದಾಗಲೆಲ್ಲ ಹೂಂ ಎನ್ನಬೇಡಿ.

ಡಿಸ್ಕ್‌ಗಳನ್ನು ಒಂದರ ಮೇಲೊಂದು ಪೇರಿಸದೆ ಪುಸ್ತಕದಂತೆ ನಿಲ್ಲಿಸಿಡಿ. ಡಿವಿಡಿಯಲ್ಲಿ ಮಾಹಿತಿಯ ಪದರ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಸುರಕ್ಷಿತವಾಗಿದೆ. ವಿಸಿಡಿಯಲ್ಲಿ ಅದು ಚಿತ್ರ ಅಚ್ಚಾದ ಮೇಲುಮೈಯ ತೆಳು ಲೇಪದ ಕೆಳಗೇ ಇರುತ್ತದೆ, ಮೇಲೆ ಗೀಚಿದರೂ ಕೆಡುತ್ತದೆ. ಅಡಿ ನೇರಳೆಯಾಗಿ ಕಾಣುವ ಡಿಸ್ಕ್ ಇದ್ದರೆ ಅದು ಕಾರ್ಖಾನೆಯಲ್ಲಿ ಒತ್ತಿದ್ದಲ್ಲ, ಕಂಪ್ಯೂಟರ್‌ನಲ್ಲಿ ಬರೆದದ್ದು; ಅದರ ಬಣ್ಣದ ಪದರ ಬೇಗ ಮಾಸುತ್ತದೆ, ಮೊದಲು ಅದನ್ನು ನೋಡಿಕೊಳ್ಳಿ. ನಕಲಿನ ವಿಚಾರದಲ್ಲಿ, ಅದನ್ನು ತಡೆಯಲು ಡಿವಿಡಿಗೆ ಹಾಕಿದ ಬೀಗ ಮುರಿಯುವುದನ್ನು ಅಮೆರಿಕದ 1998ರ ಕಾನೂನು ನಿಷೇಧಿಸುತ್ತದೆ, ವಿಸಿಡಿಗಳಿಗೆ ಅಂಥ ಬೀಗವೇ ಇಲ್ಲ. ಭಾರತದಲ್ಲಿ ಚಿತ್ರದ ಹಕ್ಕು ಪ್ರಕಟವಾದ 60 ವರ್ಷಕ್ಕೆ ಮುಗಿಯುತ್ತದೆ. 1954ರ ‘ಬೇಡರ ಕಣ್ಣಪ್ಪ’, 1964ರ ‘ನಾಂದಿ’ ಈಗ ಇಲ್ಲಿ ಎಲ್ಲರ ಸ್ವತ್ತು.

ಹೊರದೇಶದ ಕನ್ನಡ ಕೂಟಗಳು ನವೆಂಬರ್‌ನ ರಾಜ್ಯೋತ್ಸವಕ್ಕೆ ಹೇಗೂ ಸೇರುತ್ತವೆ. ಆ ದಿನ ಸಭಾಂಗಣದ ಒಂದು ಮೇಜಿನ ಮೇಲೆ ಲ್ಯಾಪ್‌ಟಾಪ್, ಡ್ರೈವ್ ಇಟ್ಟು, ಮನೆಮನೆಯ ಡಿಸ್ಕ್‌ಗಳನ್ನು ತರಿಸಿ ಪಟ್ಟಿ ಮಾಡಬಹುದು: ಚಿತ್ರದ ಹೆಸರು, ವರ್ಷ, ಡಿವಿಡಿ ತಂದ ಕಂಪನಿ, ಪಾಲೋ ಎನ್‌ಟಿಎಸ್‌ಸಿಯೋ, ಉಪಶೀರ್ಷಿಕೆ ಇದೆಯೇ, ಕೊನೆಯವರೆಗೂ ಓಡುತ್ತದೆಯೇ. ಆ ಪಟ್ಟಿ ಕರ್ನಾಟಕ ಚಲನಚಿತ್ರ ಅಕಾಡೆಮಿಯ ಮುಂದೆ, ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ಮುಂದೆ ಬಂದರೆ, ಇಲ್ಲಿ ಪ್ರತಿಯೇ ಸಿಗದ ಯಾವ ಚಿತ್ರ ಡಲ್ಲಾಸ್‌ನ ಯಾರ ಮನೆಯಲ್ಲಿದೆ ಎಂಬುದು ಅವರಿಗೆ ಮೊದಲ ಬಾರಿಗೆ ಗೊತ್ತಾಗುತ್ತದೆ.