ಮಧ್ಯಾಹ್ನದ ಬಿಸಿಲೂ ಮನೆಗೆ ಬಿಡುವ ಗಂಟೆಯೂ

ದೆಹಲಿಯ ಬೇಸಗೆಯೆಂದರೆ ಮೇ, ಜೂನ್ ತಿಂಗಳುಗಳೆಂದೇ ಹಿರಿಯರ ಎಣಿಕೆ. ಪಶ್ಚಿಮದ ಮರುಭೂಮಿಯ ಕಡೆಯಿಂದ ಬೀಸುವ ‘ಲೂ’ ಎಂಬ ಬಿಸಿಗಾಳಿಯ ಕಾಲವದು. ಇಲ್ಲಿಯ ಸರ್ಕಾರಿ ಶಾಲೆಗಳಿಗೆ 2024ರಲ್ಲಿಯೂ 2025ರಲ್ಲಿಯೂ ಮೇ 11ರಿಂದ ಜೂನ್ 30ರವರೆಗೆ ರಜೆಯಿದ್ದಿತು. ಆದರೆ ಬಿಸಿಲು ಪಂಚಾಂಗ ನೋಡಿ ಬರುವುದಿಲ್ಲ. 2022ರ ಏಪ್ರಿಲಿನಲ್ಲಿಯೇ ದೆಹಲಿಯ ಸರಾಸರಿ ಗರಿಷ್ಠ ಉಷ್ಣತೆ 40.2 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. 2024ರ ಮೇ 29ರಂದು ಸಫ್ದರ್‌ಜಂಗ್ ಕೇಂದ್ರದಲ್ಲಿ 46.8 ಡಿಗ್ರಿ ದಾಖಲಾಯಿತು. ಅದೇ ದಿನ ಮುಂಗೇಶಪುರದಲ್ಲಿ 52.9 ಎಂಬ ಸುದ್ದಿ ಊರನ್ನೆಲ್ಲ ಬೆಚ್ಚಿಬೀಳಿಸಿತು. ಅಲ್ಲಿಯ ಉಪಕರಣ ಮೂರು ಡಿಗ್ರಿ ಹೆಚ್ಚು ತೋರಿಸುತ್ತಿತ್ತೆಂದು ಹವಾಮಾನ ಇಲಾಖೆ ಅನಂತರ ತಿಳಿಸಿತು. ಮೂರನ್ನು ಕಳೆದರೂ ಉಳಿಯುವುದೇನು ತಂಪೇ?

ಈ ಅಂಕಿಗಳೆಲ್ಲ ನೆರಳಿನವು ಎಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು. ಉಷ್ಣಮಾಪಕವನ್ನು ಗಾಳಿಯಾಡುವ ಬಿಳಿಯ ಪೆಟ್ಟಿಗೆಯೊಳಗೆ, ನೆಲದಿಂದ ಆಳೆತ್ತರದಲ್ಲಿ ಇರಿಸುತ್ತಾರೆ. ಡಾಂಬರು ರಸ್ತೆಯ ಮೇಲೆ ನಡೆಯುವ ಎರಡನೆಯ ತರಗತಿಯ ಬಾಲಕನಿಗೆ ಆ ಪೆಟ್ಟಿಗೆಯ ಭಾಗ್ಯವಿಲ್ಲ. ಅವನ ಮುಖ ನೆಲಕ್ಕೆ ನಮಗಿಂತ ಹತ್ತಿರ. ತೂಕಕ್ಕೆ ಹೋಲಿಸಿದರೆ ಅವನ ಚರ್ಮದ ಹರವು ದೊಡ್ಡವರಿಗಿಂತ ಹೆಚ್ಚು, ಬೆವರುವುದಾದರೋ ಕಡಿಮೆ. ಆದುದರಿಂದ ಅವನ ಮೈ ಬೇಗನೆ ಕಾಯುತ್ತದೆ. ಆಟದ ಹುರುಪಿನಲ್ಲಿ ಅದು ಅವನ ಅರಿವಿಗೇ ಬರುವುದಿಲ್ಲ.

ಹೀಗಿರುವಲ್ಲಿ ನಮ್ಮ ನಗರದ ಅನೇಕ ಶಾಲೆಗಳಲ್ಲಿ ಮನೆಗೆ ಬಿಡುವ ಗಂಟೆ ಬಾರಿಸುವುದು ಯಾವಾಗ? ಮಧ್ಯಾಹ್ನ ಎರಡರ ಸುಮಾರಿಗೆ, ಎಂದರೆ ಕಾವು ಶಿಖರಕ್ಕೇರುವ ಹೊತ್ತಿಗೆ ಸರಿಯಾಗಿ! ಎರಡು ಪಾಳಿಯ ಸರ್ಕಾರಿ ಶಾಲೆಗಳಲ್ಲಿ ಸಂಜೆಯ ಪಾಳಿಯ ಮಕ್ಕಳು ನಡುಹಗಲಿನಲ್ಲಿಯೇ ಮನೆ ಬಿಟ್ಟು ಹೊರಡಬೇಕು. ನಮ್ಮ ನಾಡಿನ ಕಲಬುರಗಿ, ರಾಯಚೂರು ಸೀಮೆಯಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಿಗ್ಗೆ ಎಂಟರಿಂದ ಒಂದೂವರೆಗೆ ಬದಲಿಸುತ್ತಾರೆ. ಗುಮಾಸ್ತರಿಗೆ ಸಲ್ಲುವ ದಯೆ ಶಿಶುಗಳಿಗೆ ಸಲ್ಲಬಾರದೇ? ಏಪ್ರಿಲ್ ಮೊದಲ ದಿನದಿಂದಲೇ ಏಳಕ್ಕೆ ತರಗತಿಗಳನ್ನಾರಂಭಿಸಿ ಹನ್ನೆರಡರೊಳಗೆ ಮುಗಿಸಬೇಕೆಂಬುದು ನನ್ನ ಅಭಿಪ್ರಾಯ. ನೋಯ್ಡಾ, ಗುರುಗ್ರಾಮಗಳಿಂದ ಬರುವವರಿಗೂ ಬುತ್ತಿ ಕಟ್ಟುವ ತಾಯಂದಿರಿಗೂ ಇದು ಕಷ್ಟವೆಂಬುದು ನಿಜ. ಆದರೂ ಮುಂಜಾವಿನ ನಿದ್ದೆ ಕೆಟ್ಟರೆ ಸಂಜೆ ಬೇಗ ಮಲಗಬಹುದು. ಕಟ್ಟಡವೊಂದೇ ಆಗಿರುವ ಎರಡು ಪಾಳಿಯ ಶಾಲೆಗಳಿಗೆ ಈ ಉಪಾಯ ಒಗ್ಗದು. ಅಲ್ಲಿಗೆ ಸರ್ಕಾರವೇ ಬಸ್ಸನ್ನೋ ಹೆಚ್ಚಿನ ಕಟ್ಟಡವನ್ನೋ ಒದಗಿಸಬೇಕು.

ಸಮವಸ್ತ್ರದ ವಿಚಾರವೂ ವಿಚಿತ್ರವೇ. ಚಳಿಗಾಲಕ್ಕೆ ಕೋಟು, ಟೈ ಎಲ್ಲವೂ ಕಡ್ಡಾಯ. ಬೇಸಗೆಗೆ ಒಂದು ಟೊಪ್ಪಿಯೂ ಇಲ್ಲ. ಆಸ್ಟ್ರೇಲಿಯಾದ ಎಷ್ಟೋ ಶಾಲೆಗಳಲ್ಲಿ ಟೊಪ್ಪಿಯಿಲ್ಲದವನಿಗೆ ಬಯಲಿನಲ್ಲಿ ಆಟವಿಲ್ಲವೆಂಬ ನಿಯಮವಿದೆ. ಅಷ್ಟು ದೂರವೇಕೆ, ನಮ್ಮ ಕರಾವಳಿಯ ಕೃಷಿಕರು ಅಡಕೆಯ ಹಾಳೆಯ ಟೊಪ್ಪಿಯನ್ನಿಟ್ಟೇ ತೋಟಕ್ಕಿಳಿಯುತ್ತಿದ್ದರು. ಕೊಡೆ ಹಿಡಿದ ಹುಡುಗನನ್ನು ಕಂಡು ನಗುವ ಗೆಳೆಯರು ಇದನ್ನು ನೆನೆಯಲಿ.

ನೀರಿನ ಮಾತು ಸ್ವಲ್ಪ ಸೂಕ್ಷ್ಮವಾದುದು. ಶೌಚಾಲಯ ಶುಚಿಯಾಗಿಲ್ಲವೆಂದು ನಮ್ಮ ಹೆಣ್ಣುಮಕ್ಕಳಲ್ಲಿ ಕೆಲವರು ದಿನವಿಡೀ ನೀರನ್ನೇ ಮುಟ್ಟುವುದಿಲ್ಲ. ಅಂಥಲ್ಲಿ ‘ನೀರು ಕುಡಿಯಿರಿ’ ಎಂಬ ಫಲಕ ತೂಗುಹಾಕಿ ಪ್ರಯೋಜನವೇನು? ಮೊದಲು ಪೊರಕೆ, ಆಮೇಲೆ ಉಪದೇಶ. ದಾಹಕ್ಕೆ ಬಣ್ಣದ ಸೀಸೆಗಳೇ ಬೇಕಾಗಿಲ್ಲ. ರಾಮನವಮಿಯ ಪಾನಕ, ಉಪ್ಪು ಹಾಕಿದ ನೀರುಮಜ್ಜಿಗೆ, ಇಲ್ಲಿಯವರ ಮಾವಿನಕಾಯಿ ಪನ್ನಾ ಇವೆಲ್ಲ ಈ ಋತುವಿಗೆಂದೇ ಹುಟ್ಟಿದವು. ದೆಹಲಿಯ ಬೀದಿಗಳಲ್ಲಿ ‘ಪ್ಯಾಊ’ ಎಂದು ಕರೆಯುವುದು ನಮ್ಮ ಅರವಟ್ಟಿಗೆಯನ್ನೇ.

ಆಟದ ಬಯಲಿನಲ್ಲಿ ಯಾರಾದರೂ ತಲೆ ಸುತ್ತಿ ಅಸಂಬದ್ಧವಾಗಿ ಮಾತನಾಡತೊಡಗಿದರೆ, ಮೈ ಕೆಂಡದಂತೆ ಸುಡುತ್ತಿದ್ದರೆ, ಅದನ್ನು ಸೋಗೆಂದು ತಿಳಿಯಬೇಡಿರಿ. ನೆರಳಿಗೆ ಎತ್ತಿಕೊಂಡು ಹೋಗಿ, ಮೈಮೇಲೆ ನೀರು ಸುರಿದು ಗಾಳಿ ಬೀಸಿರಿ. ಎಚ್ಚರ ತಪ್ಪಿದವನ ಬಾಯಿಗೆ ಮಾತ್ರ ಏನನ್ನೂ ಹಾಕಬೇಡಿರಿ. ಅಷ್ಟರಲ್ಲಿ ಒಬ್ಬರು ಓಡಿಹೋಗಿ ಅಧ್ಯಾಪಕರನ್ನು ಕರೆತನ್ನಿರಿ, ಅವರು ಆಸ್ಪತ್ರೆಗೆ ಸಾಗಿಸುವ ಏರ್ಪಾಡು ಮಾಡುವರು.