ನಾಲಿಗಿ ಪಂಚಾಯ್ತಿ, ಭಾಗ 6: ಬಿಯರಿಗೆ ರುಚಿ ಕೇಳ್ರಿ, ಕಿಕ್ ಕೇಳಬ್ಯಾಡ್ರಿ

ಮೊದಲ ಒಂದು ಮಾತು. ಕರ್ನಾಟಕದಾಗ ಇದನ್ನ ಕೊಳ್ಳಾಕ 21 ವರ್ಷ ತುಂಬಿರಬೇಕು. ತುಂಬದವರು ಓದ್ರಿ, ಸೇವ್ ಮಾಡಿ ಇಟ್ಕೋರಿ, ಅಲ್ಲಿಗೆ ನಿಲ್ಸ್ರಿ.

ಚಹಾ ಬಗ್ಗೆ ಬರೆದಾಗಿಂದ ಕಾಮೆಂಟಿನ್ಯಾಗ ಒಂದೇ ಗದ್ದಲ: "ಬಿಯರ್ ಬಗ್ಗೆ ಯಾವಾಗಲೇ?" ಈಗ ಬರದೇನಿ. ಅರ್ಧ ಮಂದಿಗೆ ಸೇರೂದಿಲ್ಲ, ಗೊತ್ತೈತಿ.

ನಮ್ಮ ಕಡೆ, ಚಿಕ್ಕೋಡಿ ಇರಲಿ ರಾಯಬಾಗ ಇರಲಿ, ಬಿಯರ್ ಚಲೋ ಐತಿ ಅಂತ ಹೇಳಾಕ ಇರೋದು ಎರಡೇ ಅಳತಿ. ಎಷ್ಟು ಥಂಡಿ ಐತಿ, ಎಷ್ಟು ಏರ್ತೈತಿ. ಬೆಂಗಳೂರಿಗೋ ಪುಣೆಗೋ ಹೋದ ದೋಸ್ತರು ದೀಪಾವಳಿಗೆ ಬಂದ್ರ ಮೂರನೇದು ತರ್ತಾರ: ಬಿಲ್ ಎಷ್ಟಾತು. ಈ ಮೂರರಾಗ ನಾಲಿಗಿಗೆ ಕೆಲಸಾನ ಇಲ್ಲ.

ನಮ್ಮ ಮಂದಿಗೆ ನಾಲಿಗಿ ಇಲ್ಲೇನು? ಗಾಣದ ಮುಂದ ಕೂತ ಅಜ್ಜಗೆ ಬೆಲ್ಲದ ಚೂರು ಕೊಟ್ಟು ನೋಡ್ರಿ. "ಇದು ಸವಳು ಭೂಮಿ ಕಬ್ಬು, ಉಪ್ಪುಪ್ಪು ಐತಿ" ಅಂತಾನ. ನಿಪ್ಪಾಣಿಯ ತಂಬಾಕು ವ್ಯಾಪಾರಿ ಎಲಿಯನ್ನ ಬೆರಳಾಗ ತಿಕ್ಕಿ, ಮೂಗಿಗೆ ಹಿಡಿದು ದರ ಹೇಳ್ತಾನ. ಅಥಣಿ ಕಡೆ ಒಣದ್ರಾಕ್ಷಿ ನೋಡೋರೂ ಹಂಗ. ಅಂಥಾ ಊರಿನ ಹುಡುಗರು ಬಿಯರ್ ಬಂದಾಗ ಮಾತ್ರ ಮೂಗು ಮುಚ್ಚಿ, ಒಂದೇ ಗುಟುಕಿಗೆ ಅರ್ಧ ಬಾಟಲಿ ಇಳಿಸ್ತಾರ.

ಥಂಡಿ ವಿಷಯ ಸಣ್ಣದು, ಬೇಗ ಮುಗಿಸ್ತೇನಿ. ಹಲ್ಲು ಜುಮ್ ಅನ್ನೋ ಥಂಡಿಯಾಗ ನಾಲಿಗಿ ಜೋಮು ಹಿಡಿತೈತಿ. ಕೆಟ್ಟ ಬಿಯರ್ ಮುಚ್ಚಿಹೋಗ್ತೈತಿ, ಚಲೋ ಬಿಯರೂ ಮುಚ್ಚಿಹೋಗ್ತೈತಿ. ಫ್ರಿಜ್‌ನಿಂದ ತಗದು ಐದು ನಿಮಿಷ ಬಿಡ್ರಿ, ಗ್ಲಾಸಿಗೆ ಹಾಕ್ರಿ, ಮೂಸ್ರಿ.

ದೊಡ್ಡ ವಿಷಯ ಸ್ಟ್ರಾಂಗ್.

ಸ್ಟ್ರಾಂಗ್ ಅನ್ನೋದು ರುಚಿಯ ಹೆಸರಲ್ಲ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದ ಪ್ರಕಾರ ಆಲ್ಕೋಹಾಲ್ ಶೇ 5ರವರೆಗೆ ಇದ್ದರೆ ಅದು ಮೈಲ್ಡ್. ಅದನ್ನು ದಾಟಿ ಶೇ 8ರವರೆಗೆ ಹೋದರೆ ಸ್ಟ್ರಾಂಗ್. ಅಷ್ಟ. ಈಗ ಲೆಕ್ಕ ಹಾಕ್ರಿ. 650 ಮಿ.ಲೀ. ಬಾಟಲಿ, ಶೇ 8 ಅಂದ್ರ ಅದರಾಗ 52 ಮಿ.ಲೀ. ಶುದ್ಧ ಆಲ್ಕೋಹಾಲ್. ನಮ್ಮಲ್ಲಿ ಸಿಗೋ ವಿಸ್ಕಿ ಶೇ 42.8. 60 ಮಿ.ಲೀ.ದ ಎರಡು ಪೆಗ್‌ನ್ಯಾಗ ಇರೋದು 51 ಮಿ.ಲೀ. ಚಿಲ್ಲರ. "ವಿಸ್ಕಿ ಮುಟ್ಟೂದಿಲ್ಲ, ಬಿಯರ್ ಅಷ್ಟ, ಜ್ಯೂಸ್ ಇದ್ದಂಗ" ಅನ್ನೋ ನನ್ನ ಕ್ಲಾಸ್‌ಮೇಟ್‌ಗಳು ಒಂದು ಬಾಟಲಿಗೆ ಎರಡು ದೊಡ್ಡ ಪೆಗ್ ಹೊಡದಂಗ. ಎರಡು ಬಾಟಲಿ ಅಂದ್ರ ನಾಲ್ಕು. ಆಮ್ಯಾಲ ಬೈಕ್ ಹತ್ತಿ ಮನಿಗೆ, ಮುಂದ ದೀಪ ಇಲ್ಲದ ಕಬ್ಬಿನ ಟ್ರ್ಯಾಕ್ಟರ್. ಕಾನೂನಿನ ಮಿತಿ 100 ಮಿ.ಲೀ. ರಕ್ತದಾಗ 30 ಮಿ.ಗ್ರಾಂ. ಒಂದು ಸ್ಟ್ರಾಂಗ್ ಬಾಟಲಿ ಗಡಬಡಿಸಿ ಇಳಿಸಿದ ಸಾಧಾರಣ ಮೈಕಟ್ಟಿನ ಹುಡುಗ ಆ ಗೆರಿ ದಾಟಿ ಭಾಳ ದೂರ ಹೋಗಿರ್ತಾನ. ಕೀಲಿ ಕುಡಿಯದವನ ಕೈಯಾಗ ಇರಲಿ, ಇದರಾಗ ಚರ್ಚೆ ಇಲ್ಲ.

ರುಚಿಗೂ ಲಾಭ ಇಲ್ಲ. ಆಲ್ಕೋಹಾಲ್ ಏರಿಸೋ ಸುಲಭದ ದಾರಿ ಅಂದ್ರ ಸಕ್ಕರಿ ಸುರಿಯೋದು. ಯೀಸ್ಟ್ ಅದನ್ನ ಪೂರಾ ತಿಂದು ಆಲ್ಕೋಹಾಲ್ ಮಾಡ್ತೈತಿ, ಮಾಲ್ಟಿನ ತೂಕ ಮಾತ್ರ ಹೆಚ್ಚಾಗೂದಿಲ್ಲ. ಸಕ್ಕರಿ ಹಾಕಿದಷ್ಟೂ ಬಿಯರ್ ತೆಳ್ಳಗ ಆಗ್ತೈತಿ ಅನ್ನೋದು ಸಕ್ಕರಿ ಕಾರ್ಖಾನಿ ಊರಿನ ನಮಗೂ ವಿಚಿತ್ರ ಅನಸ್ತೈತಿ, ಖರೆ ಅದ. ಲೇಬಲ್ ಹಿಂದ ತಿರುವಿ ಓದ್ರಿ. ಮೂಗಿಗೆ ಸ್ಪಿರಿಟ್ ಬಡದು ಗಂಟಲಾಗ ಉರಿ ಎದ್ರ ಅದನ್ನ "ಗಟ್ಟಿ ಟೇಸ್ಟ್" ಅನ್ನಬ್ಯಾಡ್ರಿ.

ಲೇಬಲ್ ಮ್ಯಾಲ ಇನ್ನೊಂದು ಇರ್ತೈತಿ, ಯಾರೂ ನೋಡೂದಿಲ್ಲ: ತಯಾರಾದ ತಾರೀಖು. ಲಾಗರ್ ಹಳೇದಾದಂಗ ಕೆಡ್ತೈತಿ. ಏಪ್ರಿಲ್ ಬಿಸಲಾಗ ಗೋಡೌನ್‌ನ್ಯಾಗ ಬೆಂದ ಬಾಟಲಿ ನೆಂದ ರಟ್ಟಿನ ವಾಸನಿ ಹೊಡಿತೈತಿ. ಬಿಸಲು ನೇರ ಬಿದ್ರ ಹಾಪ್ಸ್ ಕೆಟ್ಟು ಸುಟ್ಟ ರಬ್ಬರಿನಂಗ ನಾರತೈತಿ. ಕಂದು ಗಾಜು ಬೆಳಕನ್ನ ತಡಿತೈತಿ, ಹಸರು ಗಾಜು ಅಷ್ಟು ತಡಿಯೂದಿಲ್ಲ. ಭಾಳ ಸಲ ನಾವು ಕಂಪನಿಗೆ ಬೈಯೋದು ಅಂಗಡಿಯ ತಪ್ಪಿಗೆ.

ಇನ್ನ ಬ್ರೂಪಬ್. 2009ರಾಗ ಪುಣೆಯಲ್ಲಿ ಡೂಲಾಲಿ, 2010ರಾಗ ಬೆಂಗಳೂರಿನ ಇಂದಿರಾನಗರದಾಗ ಟಾಯ್ಟ್, 2012ರಾಗ ಆರ್ಬರ್ ಶುರುವಾದ ಮ್ಯಾಲ ನಮ್ಮ ವಯಸ್ಸಿನೋರಿಗೆ ಬಿಯರ್ ಅಂದ್ರ ಒಂದೇ ಹಳದಿ ನೀರಲ್ಲ ಅಂತ ತಿಳೀತು. ಗೋಧಿ ಬಿಯರಿನ್ಯಾಗ ಬಾಳಿಹಣ್ಣು, ಲವಂಗದ ವಾಸನಿ ಬರ್ತೈತಿ. ಎಸೆನ್ಸ್ ಹಾಕ್ಯಾರ ಅಂತ ತಿಳಿಯಬ್ಯಾಡ್ರಿ, ಅದು ಯೀಸ್ಟಿನ ಕೆಲಸ. ಸ್ಟೌಟ್ ಹುರದ ಕಾಫಿ ಬೀಜದಂಗ. ಐಪಿಎ ಹಾಗಲಕಾಯಿ ಪಲ್ಲೆ ಇದ್ದಂಗ, ಮೊದಲನೇ ಸಲ ಮಾರಿ ಕಿವಚ್ತೇರಿ, ಮೂರನೇ ಸಲ ನೀವ ಕೇಳ್ತೇರಿ. ಹುಳಿ ಬಿಯರಿಗಂತೂ ನಾವು ಹುಟ್ಟಿನಿಂದ ತಯಾರ, ಮೊಸರು ಮಾಡೋ ಬ್ಯಾಕ್ಟೀರಿಯಾದ ಬಳಗನ ಅಲ್ಲೂ ಇರೋದು.

ಆದ್ರ ಅಲ್ಲಿಂದ ಬಂದವರ ಗತ್ತು ನನಗ ಸೇರೂದಿಲ್ಲ. "ಬಾಟಲಿ ಬಿಯರಿಗೆ ಅಕ್ಕಿ ಹಾಕ್ತಾರ, ಅದು ಕಲಬೆರಕಿ, 1516ರ ಜರ್ಮನ್ ಕಾನೂನು ಓದು" ಅಂತಾರ. ಓದೇನಿ. ಅದು ಬವೇರಿಯಾದ ಕಾನೂನು, ನೀರು, ಬಾರ್ಲಿ, ಹಾಪ್ಸ್ ಅಷ್ಟ ಅಂದಿತ್ತು. ಆ ಲೆಕ್ಕಕ್ಕ ಅವರ ಇಷ್ಟದ ಗೋಧಿ ಬಿಯರೂ ನಪಾಸ್. ಟಾಯ್ಟ್‌ದ್ದ ಬಾಸ್ಮತಿ ಬ್ಲಾಂಡ್ ಹೆಸರಿನ್ಯಾಗ ಅಕ್ಕಿ ಐತಿ, ಅದಕ್ಕ ಕ್ಯೂ ಹಚ್ಚಿ ನಿಂದರ್ತಾರ. ಅಕ್ಕಿ ಹಾಕಿದ್ರ ಬಿಯರ್ ಹಗುರ ಆಗ್ತೈತಿ, ಹಗುರ ಅಂದ್ರ ಕೆಟ್ಟದ್ದಲ್ಲ. ಹೆಸರು ಹೇಳದ ಒಂದು ಬ್ರೂಪಬ್‌ನ್ಯಾಗ ನನಗ ಸಿಕ್ಕ ಲಾಗರ್ ಬೆಣ್ಣಿ ವಾಸನಿ ಹೊಡೀತಿತ್ತು, ಯೀಸ್ಟಿಗೆ ಕೊಡಬೇಕಾದ ದಿನ ಕೊಡದ ಅವಸರ. ತಾಮ್ರದ ಟ್ಯಾಂಕ್ ಮುಂದ ಸೆಲ್ಫಿ ತಗೊಂಡ್ರ ಆ ವಾಸನಿ ಹೋಗೂದಿಲ್ಲ.

ಹೋದ ತಿಂಗಳು ಐದು ಮಂದಿ ಕೂತು ನೋಡಿದ್ವಿ. ಸಾದಾ ಮೈಲ್ಡ್ ಲಾಗರ್ ಒಂದು, ಸ್ಟ್ರಾಂಗ್ ಒಂದು, ಕ್ಯಾನಿನ ಗೋಧಿ ಬಿಯರ್ ಒಂದು. ಕುಡಿಯದ ದೋಸ್ತ ಒಳಗ ನಿಂತು ಸುರಿದ, ಒಂದೊಂದು 60 ಮಿ.ಲೀ., ಯಾವುದು ಯಾವುದು ಅಂತ ಅವನಿಗಷ್ಟ ಗೊತ್ತು. ನಡುವ ನೀರು, ಸಪ್ಪನ ಚುರಮುರಿ. ಖಾರದ ಶೇಂಗಾ ಬಂದ್ ಮಾಡಿದ್ದೆ, ಅದಕ್ಕ ಜಗಳ ಆತು. ಐದೇ ಮಂದಿ, ಇದೇನು ಸಂಶೋಧನಾ ಅಲ್ಲ. ಮೈಲ್ಡ್‌ಗೆ ಮೂರು ಮತ, ಗೋಧಿಗೆ ಎರಡು. "ಸ್ಟ್ರಾಂಗ್ ಬಿಟ್ರ ಬ್ಯಾರೆ ಮುಟ್ಟೂದಿಲ್ಲ" ಅನ್ನೋ ನಮ್ಮ ಕಾಗವಾಡದ ದೋಸ್ತ ತನ್ನ ಬ್ರ್ಯಾಂಡಿಗೇ ಕೊನೆ ನಂಬರ್ ಕೊಟ್ಟಿದ್ದ.

ಹೆಸರು ತೆರೆದಾಗ ನಕ್ಕ. ಈಗಲೂ ಅದನ್ನ ತಗೋತಾನ, "ರೊಕ್ಕಾ ವಸೂಲ್ ಆಗಬೇಕಲ್ಲೋ" ಅಂತಾನ. ಆದ್ರ "ಭಾರಿ ಟೇಸ್ಟ್" ಅನ್ನೋದು ಬಿಟ್ಟಾನ.

ಭಾಗ 7: ಅಥಣಿ ಒಣದ್ರಾಕ್ಷಿ.

#ನಾಲಿಗಿಪಂಚಾಯ್ತಿ #ಚಿಕ್ಕೋಡಿ #ನಿಪ್ಪಾಣಿ #ಕಾಗವಾಡ